ಅಟ್ಟದ ಮೇಲಿನ ಅರ್ಜಿಗಳು

ಬಿಟ್ಟಿಯಾಗಿ ಕೆಲಸ ಮಾಡಿಕೊಡುವ ಮನುಷ್ಯನನ್ನು ಕಂಡರೆ ನಾನು ಮೊದಲು ಅವನ ಇನ್ನೊಂದು ಕೈ ಎಲ್ಲಿದೆ ಅಂತ ನೋಡುತ್ತೇನೆ. ಕೊಬ್ಬರಿ ವ್ಯಾಪಾರ ಕಲಿಸಿದ ಬುದ್ಧಿ ಇದು. ಚೀಲದ ಬಾಯಲ್ಲಿ ಒಳ್ಳೆಯ ಕೊಬ್ಬರಿ ಗಿಟುಕು ಇಟ್ಟವನು ತಳದಲ್ಲಿ ಏನು ತುಂಬಿದ್ದಾನೆ ಅಂತ ಮೊಣಕೈವರೆಗೆ ಕೈ ಹಾಕಿ ನೋಡದೆ ನಾನು ಯಾವತ್ತೂ ರೇಟು ಹೇಳಿದವನಲ್ಲ. ಗೇಣು ಹೊಲ ಇಲ್ಲದ ಮನೆಯಲ್ಲಿ ಹುಟ್ಟಿ, ಕಂಡವರ ಅಂಗಡಿಯಲ್ಲಿ ಚೀಲ ಹೊಲಿದು, ತಿಪಟೂರಿನಲ್ಲಿ ಸ್ವಂತ ಮಂಡಿ ಇಟ್ಟೆ. ಎಲ್ಲರನ್ನೂ ನಂಬಿದ್ದರೆ ಇವತ್ತಿಗೂ ಚೀಲ ಹೊಲಿಯುತ್ತಲೇ ಇರುತ್ತಿದ್ದೆ.

ಹೋದ ತಿಂಗಳು ತೀರಿಹೋದ ಹವಾಲ್ದಾರರ ಮೇಲೂ ನನಗೆ ಮೊದಲ ದಿನದಿಂದ ಅನುಮಾನ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬೀಳದ ಹಾಗೆ ಅವರೇ ನೋಡಿಕೊಳ್ಳುತ್ತಿದ್ದರು. ‘ಅರ್ಜಿ ಬರೆದುಕೊಟ್ಟವರು’ ಅಂತ ಕಾಲಂ ಇದ್ದರೆ ಅದಕ್ಕೆ ಅಡ್ಡಗೆರೆ ಎಳೆಯುತ್ತಿದ್ದರು. ಅದೂ ನನ್ನ ಅನುಮಾನಕ್ಕೆ ಒಂದು ಕಾರಣವಾಗಿತ್ತು. ಹೆಸರು ಹಾಕದವನು ಜವಾಬ್ದಾರಿ ತಗೊಳ್ಳದವನು ಅನ್ನೋದು ನನ್ನ ಲೆಕ್ಕ.

ಅವರು ಸೈನ್ಯದಲ್ಲಿ ಗುಮಾಸ್ತರಾಗಿದ್ದವರು. ಬಂದೂಕಿಗಿಂತ ಹೆಚ್ಚು ಹಿಡಿದದ್ದು ಪೆನ್ನು. ‘ಬದುಕಿರೋರ ಕಾಗದ ಅರ್ಧ ಸರ್ವಿಸು, ಸತ್ತೋರ ಕಾಗದ ಅರ್ಧ ಸರ್ವಿಸು’ ಅನ್ನುತ್ತಿದ್ದರು. ತುರುವೇಕೆರೆಯಿಂದ ಮಾಯಸಂದ್ರದ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿಯುವ ಜಾಗದಲ್ಲಿ ಹೆಂಚಿನ ಮನೆ. ಪಡಸಾಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಭೂತಗನ್ನಡಿ. ಪಿಂಚಣಿ ನಿಂತುಹೋದ ಮಾಜಿ ಸೈನಿಕರು, ಗಂಡ ಸತ್ತಮೇಲೆ ಕುಟುಂಬ ಪಿಂಚಣಿಗೆ ಅಲೆಯುವ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಕಾಗದ ಮುಟ್ಟುವ ಮುಂಚೆ ಅವರು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬರುತ್ತಿದ್ದರು, ಪೂಜೆಗೆ ಕೂರುವವರ ಹಾಗೆ. ಆಮೇಲೆ ಒಂದೇ ಪ್ರಶ್ನೆಯನ್ನು ಮೂರು ಸಲ, ಮೂರು ಕಡೆಯಿಂದ ಕೇಳುತ್ತಿದ್ದರು. ಮದುವೆ ಯಾವಾಗ ಆಯ್ತು? ಹದಿನೈದು ನಿಮಿಷ ಬಿಟ್ಟು, ಮದುವೆಯಾದಾಗ ಯಾವ ಬೆಳೆ ನಿಂತಿತ್ತು? ಇನ್ನೊಂದು ಸ್ವಲ್ಪ ಹೊತ್ತಿಗೆ, ಮೊದಲನೇ ಮಗು ಎಷ್ಟು ವರ್ಷಕ್ಕೆ? ಮೂರೂ ಕೂಡಿಬಂದರೆ ಮಾತ್ರ ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು.

‘ನೀನು ಹೇಳಿದ್ದು ಸರಿ ಕಣವ್ವ. ಕಾಗದ ಏನು ಹೇಳುತ್ತೆ ನೋಡಾಣ’ ಅನ್ನುವುದು ಅವರ ಮಾತು. ಮನುಷ್ಯರನ್ನು ನನಗಿಂತ ಕಡಿಮೆ ನಂಬುತ್ತಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ. ಬಹುಶಃ ಅದಕ್ಕೇ ಅವರನ್ನು ಕಂಡರೆ ನನಗೆ ಮುಜುಗರ.

ನನಗೆ ಅವರ ಪರಿಚಯವಾದದ್ದು ಅಕ್ಕನಿಂದ. ಅಕ್ಕನನ್ನು ದಂಡಿನಶಿವರದ ಕಡೆ ಕೊಟ್ಟಿದ್ದು. ಭಾವ ಸಿಪಾಯಿಯಾಗಿ ಸೇರಿ, ನಾಯಕ್ ಆಗಿ ನಿವೃತ್ತಿಯಾಗಿ ಬಂದು, ತೆಂಗಿಗೆ ನೀರು ಕಟ್ಟಿಕೊಂಡು ಇದ್ದವರು. ನಾಲ್ಕು ವರ್ಷದ ಹಿಂದೆ ಎದೆನೋವು ಅಂದವರು ಆಸ್ಪತ್ರೆ ಮೆಟ್ಟಿಲು ಹತ್ತುವಷ್ಟರಲ್ಲಿ ಹೋಗಿಬಿಟ್ಟರು. ಅವರ ಪಿಂಚಣಿ ನಿಂತಿತು. ಅಕ್ಕನಿಗೆ ಬರಬೇಕಾದ ಕುಟುಂಬ ಪಿಂಚಣಿ ಶುರುವಾಗಲಿಲ್ಲ. ಬ್ಯಾಂಕಿನವರು ಕಾಗದಗಳನ್ನು ವಾಪಸ್ಸು ಕೊಟ್ಟರು. ದಾಖಲೆಯಲ್ಲಿ ಗಂಡ ಹೆಂಡತಿ ಜೊತೆಯಾಗಿ ತೆಗೆಸಿದ ಫೋಟೋ ಇದೆ, ಅದರಲ್ಲಿರುವ ಹೆಂಗಸು ಇವರೇ ಅಂತ ಖಾತ್ರಿಯಾಗುತ್ತಿಲ್ಲ, ಖಾತ್ರಿ ಮಾಡಿಸಿಕೊಂಡು ಬನ್ನಿ ಅಂದರು.

ಖಾತ್ರಿ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಅಕ್ಕ ಯಾರದೋ ಮಾತು ಕೇಳಿಕೊಂಡು ಹವಾಲ್ದಾರರ ಮನೆಗೆ ಹೊರಟಳು. ಹೆಣ್ಣುಮಗಳು ಒಬ್ಬಳೇ ಹೋದರೆ ಮೋಸ ಹೋಗುತ್ತಾಳೆ ಅಂತ ನಾನೂ ಜೊತೆಗೆ ಹೋದೆ. ಕಾಗದ ನೋಡಿದರು, ಪ್ರಶ್ನೆ ಕೇಳಿದರು. ಕೊನೆಗೆ ನಾನೇ ಕೇಳಿದೆ, ‘ನಿಮ್ಮದು ಎಷ್ಟಾಗುತ್ತೆ ಸ್ವಾಮಿ?’

‘ಏನೂ ಇಲ್ಲ. ಸಿಪ್ಪೆ ಸುಲಿಯದ ಒಂದು ಬಲಿತ ಕಾಯಿ ತಂದುಕೊಡಿ. ನಿಮ್ಮ ತೋಟದ್ದೇ ಆಗಬೇಕು.’

ಅಕ್ಕ ಮಾರನೇ ದಿನವೇ ತಂದುಕೊಟ್ಟಳು. ಅವರು ಅದರ ಸಿಪ್ಪೆಯ ಮೇಲೆ ದಪ್ಪ ಪೆನ್ನಿನಿಂದ ಅವಳ ಹೆಸರು, ತಾರೀಕು ಬರೆದು, ಏಣಿ ಹತ್ತಿ ಅಟ್ಟದ ಮೇಲೆ ಇಟ್ಟುಬಂದರು. ನನ್ನ ತಲೆ ಓಡಿತು. ದಿನಕ್ಕೆ ಇಬ್ಬರು ಬಂದರೂ ವರ್ಷಕ್ಕೆ ಎಷ್ಟು ಕಾಯಿ, ಎಷ್ಟು ಕೊಬ್ಬರಿ. ತೋಟವಿಲ್ಲದೆ ತೋಟಗಾರನಾಗುವ ಉಪಾಯ. ವಿಧವೆಯರ ಕಾಯಲ್ಲಿ ಮಂಡಿ ಕಟ್ಟುತ್ತಿದ್ದಾನೆ ಮುದುಕ ಅಂದುಕೊಂಡೆ. ಒಂದು ರೀತಿಯಲ್ಲಿ ಸಮಾಧಾನವೂ ಆಯಿತು. ಇನ್ನೊಂದು ಕೈ ಸಿಕ್ಕಿತಲ್ಲ.

ಮೂರನೇ ಸಲ ಹೋದಾಗ ಬಾಯಿ ಬಿಟ್ಟೆ. ‘ಅಟ್ಟದ ಮಾಲು ಎಲ್ಲಿಗೆ ಹಾಕ್ತೀರಿ? ನನಗೇ ಕೊಡಿ, ಪೇಟೆ ರೇಟಿಗಿಂತ ಮೇಲೆ ಹಿಡೀತೀನಿ.’

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. ‘ಬಂದ ದಿನದಿಂದ ನಿನ್ನ ಕಣ್ಣು ಮೇಲೇ ಐತೆ. ಏಣಿ ಅಲ್ಲೈತೆ, ಹತ್ತು. ವ್ಯಾಪಾರಸ್ಥ ನೀನು, ಮಾಲು ನೋಡಿ ರೇಟು ಹೇಳು.’

ಹತ್ತಿದೆ. ರಾಶಿ ಇರುತ್ತೆ ಅಂದುಕೊಂಡಿದ್ದೆ. ಇದ್ದದ್ದು ಮೂವತ್ತೋ ನಲವತ್ತೋ ಕಾಯಿ, ಪರೇಡಿಗೆ ನಿಂತ ಹಾಗೆ ಸಾಲಾಗಿ. ಒಂದೊಂದರ ಮೇಲೂ ಒಂದು ಹೆಸರು, ಒಂದು ತಾರೀಕು. ಮೂಲೆಯಲ್ಲಿ ನಾಲ್ಕೈದು ಬೇರೆ ಇದ್ದವು, ಹಳೆಯವು, ಒಂದನ್ನು ಇಲಿ ಕೊರೆದಿತ್ತು. ಕೆಳಗಿನಿಂದ ಕೂಗಿದರು, ‘ಮೂಲೇವು ಮುಟ್ಟಬೇಡ. ಆರ್ಡರು ಬರೋ ಮುಂಚೆ ಅವರೇ ಹೋಗ್ಬುಟ್ರು.’

ಇಳಿದು ಬಂದಮೇಲೆ ಅವರೇ ಹೇಳಿದರು. ಅರ್ಜಿ ಹಾಕಿ ವಾರಕ್ಕೊಂದು ಸಲ ಕಚೇರಿ ಬಾಗಿಲಿಗೆ ಹೋಗಿ ನಿಂತರೆ ಕೆಲಸ ಕೆಡುತ್ತೆ, ಸುಮ್ಮನೆ ಕೂತರೂ ಕೆಡುತ್ತೆ. ಇಷ್ಟು ತಿಂಗಳು ತಡೀರಿ ಅಂತ ಬಾಯಲ್ಲಿ ಹೇಳಿದರೆ ಯಾರೂ ತಡೆಯುವುದಿಲ್ಲ. ‘ಅದೇ ನಿಮ್ಮ ಕಾಯಿ ಅಟ್ಟದಲ್ಲೈತೆ, ಅದು ಒಣಗಿ ಒಳಗೆ ಗುಡುಗುಡು ಅಂದ ದಿನ ಜ್ಞಾಪನಪತ್ರ ಬರೆಯಾಣ ಅಂದ್ರೆ ಈ ಕಡೆ ಜನಕ್ಕೆ ಅರ್ಥ ಆಗುತ್ತೆ. ಅವಸರಕ್ಕೆ ಒಡೆದ ಕಾಯಿ ಏನಾಗುತ್ತೆ ಅಂತ ನಾನು ಹೇಳಿಕೊಡಬೇಕಾ ಕೊಬ್ಬರಿ ಸಾಹುಕಾರನಿಗೆ?’

ಹೇಳಿಕೊಡಬೇಕಾಗಿರಲಿಲ್ಲ. ಹಸಿ ಇದ್ದಾಗ ಒಡೆದರೆ ಬೂಷ್ಟು ಹಿಡಿಯುತ್ತೆ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ತಾನಾಗಿ ನೀರು ಬತ್ತಿದರೆ ಗಿಟುಕು ಚಿಪ್ಪು ಬಿಟ್ಟು ಅಲ್ಲಾಡುತ್ತೆ. ಆರ್ಡರು ಬಂದಮೇಲೆ ಕಾಯನ್ನು ಅವರವರಿಗೇ ವಾಪಸ್ಸು ಕೊಡುತ್ತಿದ್ದರಂತೆ. ಕೇಳಿ ತಲೆಯಾಡಿಸಿದೆ. ಒಳಗೆ ಮಾತ್ರ, ಇವನು ಕಾಯಿಗಿಂತ ದೊಡ್ಡದಕ್ಕೆ ಬಲೆ ಹಾಕಿದ್ದಾನೆ ಅಂತ ಅನುಮಾನ ಇನ್ನೂ ಬಲಿಯಿತು.

ಅದೇ ದಿನ ಅವರು ಭೂತಗನ್ನಡಿ ತಗೊಂಡು ಭಾವನ ಕಾಗದಗಳಲ್ಲಿದ್ದ ಫೋಟೋದ ಮೇಲೆ ಬಗ್ಗಿದರು. ದಾಖಲೆಗೆ ಕಳಿಸಿದ್ದರದೇ ಇನ್ನೊಂದು ಪ್ರತಿ. ಯೂನಿಫಾರ್ಮಿನಲ್ಲಿ ಭಾವ, ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದ ಹೆಂಗಸು. ತಿರುಗಿಸಿ ಹಿಂದೆ ಇದ್ದ ಸ್ಟುಡಿಯೋ ಮುದ್ರೆ, ತಾರೀಕು ನೋಡಿದರು. ಆಮೇಲೆ ಭಾವನ ಸರ್ವಿಸ್ ಪುಸ್ತಕದಲ್ಲಿ ಮಕ್ಕಳ ಹುಟ್ಟಿದ ದಿನದ ಪುಟ ತೆಗೆದರು. ಎರಡರ ಮೇಲೂ ಒಂದೊಂದು ಬೆರಳು ಇಟ್ಟುಕೊಂಡು ಅಕ್ಕನ ಕಡೆ ನೋಡಿದರು.

‘ಎರಡನೇ ಮಗಳು ಹುಟ್ಟಿ ಒಂಬತ್ತನೇ ದಿನಕ್ಕೆ ತಿಪಟೂರಿಗೆ ಹೋಗಿ ಫೋಟೋ ತೆಗೆಸಿದ್ಯಾ ತಾಯಿ?’

ಅಕ್ಕ ನನ್ನ ಮುಖ ನೋಡಿದಳು.

‘ಅವನ ಮುಖ ಯಾಕೆ ನೋಡ್ತೀಯ? ಒಂಬತ್ತು ದಿನದ ಬಾಣಂತೀನ ಕಿವಿಗೆ ಹತ್ತಿ ಇಡದೆ ಹೊಸಲು ದಾಟಿಸೋ ಮನೆ ನಮ್ಮ ಕಡೆ ಎಲ್ಲೈತೆ? ಅದೂ ಅಲ್ದೆ, ಗಂಡನ ಪಕ್ಕ ಕೂತ ಹೆಂಡ್ತಿ ಫೋಟೋದಲ್ಲಿ ಹಿಂಗೆ ನಗು ತಡ್ಕೊಂಡಿರಲ್ಲ. ಇದು ತಂಗಿ ನಗು.’

ಈಗ ಹೇಳಿಬಿಡುತ್ತೇನೆ. ಅದು ಭಾವನ ತಂಗಿ ಪಾರ್ವತಮ್ಮ. ಕೂರಿಸಿದವನು ನಾನು. ಭಾವ ನಿವೃತ್ತಿ ಹತ್ತಿರ ಬಂದಾಗ ರಜೆ ಮೇಲೆ ಬಂದಿದ್ದರು. ಮಗು ನೋಡಬೇಕಿತ್ತು, ಪಿಂಚಣಿ ಕಾಗದಕ್ಕೆ ಜೋಡಿ ಫೋಟೋ ತೆಗೆಸಿಕೊಂಡು ಮೂರೇ ದಿನದಲ್ಲಿ ಹೊರಡಬೇಕಿತ್ತು. ಅಕ್ಕ ಹಂದನಕೆರೆ ಹತ್ತಿರದ ನಮ್ಮ ಮನೆಯಲ್ಲಿ ಬಾಣಂತನಕ್ಕಿದ್ದಳು. ಅವಳನ್ನು ಹೊರಗೆ ಕಳಿಸಲು ಅಮ್ಮ ಒಪ್ಪಲಿಲ್ಲ. ಪಾರ್ವತಮ್ಮ ಮಗು ನೋಡಲು ಬಂದಿದ್ದಳು. ಆಗ ನನಗೆ ಮೀಸೆ ಚಿಗುರುತ್ತಿದ್ದ ವಯಸ್ಸು, ಎಲ್ಲಾ ತಿಳಿದಿದೆ ಅನ್ನುವ ಠೀವಿ. ‘ಸೆರಗು ಹೊದ್ದರೆ ಎಲ್ಲಾ ಹೆಂಗಸರೂ ಒಂದೇ ಭಾವ. ಡೆಲ್ಲಿಯೋರಿಗೆ ಯಾವಳು ಯಾವಳು ಅಂತ ಏನು ಗೊತ್ತು’ ಅಂದೆ. ಸ್ಟುಡಿಯೋದವನು ‘ಇನ್ನೂ ಸ್ವಲ್ಪ ಹತ್ತಿರ ಕೂತ್ಕೊಳಮ್ಮ, ಗಂಡ ತಾನೇ’ ಅಂದ. ಪಾರ್ವತಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ತಡೆದ ನಗುವೇ ಮೂವತ್ತು ವರ್ಷ ಕಡತದಲ್ಲಿ ಕೂತಿತ್ತು. ಊರಿನ ಯಾರಿಗೂ ಅದೊಂದು ತಪ್ಪು ಅನ್ನಿಸಿರಲಿಲ್ಲ. ಅಣ್ಣನ ಪಕ್ಕ ತಂಗಿ ಕೂತರೆ ಏನು?

ಹವಾಲ್ದಾರರು ಕಾಗದ ಮಡಚಿ ನಮ್ಮ ಕಡೆ ತಳ್ಳಿದರು. ‘ಇದಕ್ಕೆ ಒಂದೇ ದಾರಿ. ಮೂರು ಜನ ಅಫಿಡವಿಟ್ ಮಾಡಬೇಕು. ಆ ದಿನ ನಾನು ಬಾಣಂತಿ, ಹೋಗಲಿಲ್ಲ ಅಂತ ಇವಳು. ಫೋಟೋದಲ್ಲಿ ಇರೋಳು ನಾನು, ಅವರ ತಂಗಿ ಅಂತ ಅವಳು. ಗೊತ್ತಿದ್ದೂ ಕೂರಿಸಿದೋನು ನಾನು ಅಂತ ನೀನು.’

‘ನನ್ನ ಹೆಸರು ಯಾಕೆ ಬೇಕು?’

‘ಮಾಡಿದೋನ ಹೆಸರಿಲ್ದೆ ತಪ್ಪು ನಿಲ್ಲಲ್ಲ ಕಣಪ್ಪ. ಇವಳ ಮೇಲೆ ಹೋಗಿ ಕೂತ್ಕೊಳುತ್ತೆ. ಅವಳನ್ನ ತಂದು ಕೂರಿಸಿದೋಳು ನೀನೇ ಇರಬೇಕು ಅಂತಾರೆ. ಆಮೇಲೆ ಇವಳು ಹೆಂಡ್ತೀನೇ ಅಲ್ಲ ಅಂತಾರೆ.’

ಅಕ್ಕನಿಗೆ ಹೋಗುವುದು ಬರೀ ಪಿಂಚಣಿಯಲ್ಲ ಅಂತ ಆಗ ನನಗೆ ಗೊತ್ತಾಯಿತು. ಗಂಡನ ಮನೆಯಲ್ಲಿ ನಲವತ್ತು ವರ್ಷ ಬಾಳಿದವಳನ್ನು ಒಂದು ಮುದ್ರೆ ನೀನ್ಯಾರು ಅಂತ ಕೇಳುವುದಿತ್ತು.

ಆದರೂ ನಾನು ಸಹಿ ಹಾಕಲಿಲ್ಲ. ಎದ್ದು ಬಂದೆ. ಹೀಗೆ ಯೋಚಿಸಿ: ಪರಿಚಯವಿಲ್ಲದ ಮನುಷ್ಯ, ಹಣ ಕೇಳುವುದಿಲ್ಲ, ಸರ್ಕಾರಕ್ಕೆ ಮೋಸ ಮಾಡಿದೆ ಅಂತ ನನ್ನ ಕೈಯಲ್ಲೇ ಬರೆಸಿ ತನ್ನ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾನೆ. ನಾಳೆ ಆ ಕಾಗದ ಹಿಡಿದು ಮಂಡಿಗೆ ಬಂದರೆ? ಲೈಸೆನ್ಸು, ಹೆಸರು, ಪೇಟೆಯಲ್ಲಿ ಮುಖ, ಎಲ್ಲಾ ಅವನ ಮುಷ್ಟಿಯಲ್ಲಿ. ಇದೇ ಆ ಇನ್ನೊಂದು ಕೈ ಅಂತ ನನಗೆ ಖಾತ್ರಿಯಾಯಿತು. ತಿಪಟೂರಿನಲ್ಲಿ ಇನ್ನೊಬ್ಬ ಏಜೆಂಟನನ್ನು ಹಿಡಿದೆ. ಅವನು ಫೋಟೋ ನೋಡಿ, ‘ವಯಸ್ಸಾದ್ರೆ ಮುಖ ಬದಲಾಗಲ್ವಾ ಸಾರ್? ಇವರೇ ಅಂತ ಇಬ್ಬರ ಹತ್ರ ಹೇಳಿಸಿ ಕಳಿಸಿಬಿಡ್ತೀನಿ, ಯಾರು ನೋಡ್ತಾರೆ’ ಅಂದ. ನನ್ನ ಭಾಷೆ ಮಾತಾಡುವ ಮನುಷ್ಯ. ಖುಷಿಯಾಗಿ ಅಕ್ಕನ ಮನೆಗೆ ಹೋದೆ.

ಅವಳು ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕುಟ್ಟುವುದು ನಿಲ್ಲಿಸಲಿಲ್ಲ.

‘ನಿನ್ನ ಬುದ್ಧೀನ ಒಂದು ಸಲ ಕೇಳಿದ್ದಾಯ್ತಲ್ಲ’ ಅಂದಳು. ‘ಅವರು ಯೂನಿಫಾರ್ಮು ಹಾಕ್ಕೊಂಡು ಹೆಂಡ್ತಿ ಜೊತೆ ತೆಗೆಸಿದ್ದು ಅಂತ ಇರೋದು ಅದೊಂದೇ ಫೋಟೋ. ಅದರಲ್ಲಿ ನಾನಿಲ್ಲ.’

ಗೋಡೆಯಲ್ಲಿ ದೇವರ ಪಟಗಳ ಪಕ್ಕ ಭಾವನ ಫೋಟೋ ಇತ್ತು, ಒಬ್ಬರದೇ. ಆ ಮನೆಗೆ ಎಷ್ಟು ಸಲ ಹೋಗಿದ್ದೇನೋ, ಜೋಡಿ ಫೋಟೋ ಯಾಕೆ ಹಾಕಿಲ್ಲ ಅಂತ ನನಗೆ ಒಂದು ಸಲವೂ ಹೊಳೆದಿರಲಿಲ್ಲ.

‘ಇವಳೇ ಅವಳು ಅಂತ ಸುಳ್ಳು ಹೇಳಿಸಿದರೆ ನಾನು ಸಾಯೋವರೆಗೂ ಪಾರ್ವತಿ ಆಗಿ ಪಿಂಚಣಿ ತಗೋಬೇಕು. ನಂಗೆ ಬ್ಯಾಡ ಬುಡು’ ಅಂದಳು.

ಮಾರನೇ ದಿನ ಹೋಗಿ ಬರೆದುಕೊಟ್ಟೆ. ಹವಾಲ್ದಾರರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದರು. ಸಹಿ ಹಾಕಿ ಎದ್ದೆ. ‘ಕೂತ್ಕೊ. ನಿಮ್ಮ ಊರಿನ ಹೆಸರು ತಪ್ಪು ಓದಿದೆ. ನೀನು ಸುಮ್ಮನಿದ್ದೆ. ನಾನು ಓದಿದ್ದನ್ನ ನಂಬಿ ಸಹಿ ಹಾಕಿದ್ಯಾ? ನೀನಾ?’ ಅಂದರು. ನೋಡಿದರೆ ಕಾಗದದಲ್ಲಿ ಸರಿಯಾಗಿಯೇ ಇತ್ತು. ಓದುವಾಗ ಬೇಕಂತಲೇ ತಪ್ಪಿಸಿದ್ದರು. ಮೊದಲಿಂದ ನಾನೇ ಓದಿ ಇನ್ನೊಂದು ಪ್ರತಿಗೆ ಸಹಿ ಹಾಕಬೇಕಾಯಿತು. ಮೊಣಕೈವರೆಗೆ ಕೈ ಹಾಕಿ ನೋಡುವವನು ಅಂತ ಹೇಳಿಕೊಂಡೆನಲ್ಲ, ಆ ದಿನ ಚೀಲದ ಬಾಯಿ ನೋಡಿ ರೇಟು ಹೇಳಿಬಿಟ್ಟಿದ್ದೆ.

ಆಮೇಲಿನ ಹತ್ತು ತಿಂಗಳೂ ಅವರು ಮಂಡಿಗೆ ಬರುವುದನ್ನೇ ನಿರೀಕ್ಷಿಸಿದೆ. ಫೋನು ಬಂದರೆ ಅವರದೇ ಅಂದುಕೊಳ್ಳುತ್ತಿದ್ದೆ. ಬರಲಿಲ್ಲ. ನಾನಾಗಿಯೇ ಒಂದು ಸಲ ಒಳ್ಳೆಯ ಪಂಚೆ ಶಲ್ಯ ತಗೊಂಡು ಹೋದೆ. ಉಪಕಾರಕ್ಕಲ್ಲ, ಬಾಯಿ ಕಟ್ಟಲು. ‘ಇದನ್ನ ತಗೊಂಡರೆ ನಿನಗೆ ನಿದ್ದೆ ಬರುತ್ತೆ. ಅದಕ್ಕೇ ತಗೊಳ್ಳಲ್ಲ’ ಅಂದರು. ಚಹಾ ಕೊಟ್ಟರು, ತಮ್ಮ ಲೋಟದಲ್ಲಿ ತಾವು ಕುಡಿದರು.

ಮುಂದಿನ ಬೇಸಿಗೆಯಲ್ಲಿ ಫೋನು ಬಂತು. ‘ಕಾಯಿ ಆಡ್ತಾ ಐತೆ. ನಿಮ್ಮಕ್ಕನ ಕರ್ಕೊಂಡು ಬಾ.’

ಜ್ಞಾಪನಪತ್ರ ಹೋಯಿತು. ತಿಂಗಳೊಪ್ಪತ್ತಿಗೆ ವಿಚಾರಣೆಗೆ ಒಬ್ಬ ಅಧಿಕಾರಿ ಊರಿಗೇ ಬಂದರು. ಅಕ್ಕನನ್ನೂ ಪಾರ್ವತಮ್ಮನನ್ನೂ ಜಗಲಿ ಮೇಲೆ ಅಕ್ಕಪಕ್ಕ ಕೂರಿಸಿ, ಕೈಯಲ್ಲಿ ಫೋಟೋ ಹಿಡಿದು ಒಬ್ಬೊಬ್ಬರನ್ನೇ ನೋಡಿದರು. ಪಾರ್ವತಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು, ‘ಹಲ್ಲು ಉದುರವೆ ಸ್ವಾಮಿ, ನಗು ಅದೇ ಐತೆ ನೋಡ್ಕೊಳಿ’ ಅಂದಳು. ಅಧಿಕಾರಿಯೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ‘ಕೂರಿಸಿದ್ದು ನೀವೇನಾ?’ ಅಂತ ಕೇಳಿದರು. ಹೌದು ಅಂದೆ. ಅದೊಂದು ಮಾತು ಹೇಳಲು ನನಗೆ ಹನ್ನೊಂದು ತಿಂಗಳು ಭಯ. ಅವರು ಬರೆದುಕೊಂಡು ಹೊರಟುಹೋದರು. ಅಷ್ಟೇ.

ಆರ್ಡರು ಬಂದ ದಿನ ಹವಾಲ್ದಾರರು ಅಟ್ಟದಿಂದ ಅಕ್ಕನ ಕಾಯಿ ಇಳಿಸಿ ಅವಳ ಕೈಗೆ ಕೊಟ್ಟರು. ಅಲ್ಲೇ ಸುಲಿದು ಒಡೆದೆವು. ಗಿಟುಕು ಒಂದು ಚೂರೂ ಸೀಳದೆ ಇಡಿಯಾಗಿ ಬಂತು. ಪೇಟೆಯಲ್ಲಿ ಅಂಥದ್ದು ಬಂದರೆ ನಾನು ಮಾತಾಡದೆ ಬದಿಗಿಡುತ್ತೇನೆ. ಅಕ್ಕ ಅರ್ಧ ಮುರಿದು ಪಾರ್ವತಮ್ಮನಿಗೆ ಅಂತ ಎತ್ತಿಟ್ಟಳು.

ಇದನ್ನು ಓದುವ ಮಾಜಿ ಸೈನಿಕರಿಗೆ ಒಂದು ಮಾತು. ನಿಮ್ಮ ಕಾಗದ ಇವತ್ತೇ ಪೆಟ್ಟಿಗೆಯಿಂದ ತೆಗೆಯಿರಿ. ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು ತೆಗೆಯಿರಿ. ಫೋಟೋದಲ್ಲಿರುವವಳು ಅವಳೇನಾ ನೋಡಿ. ಖಾತೆಯಲ್ಲಿ ಅವಳ ಹೆಸರೂ ಇದೆಯಾ ನೋಡಿ. ಸತ್ತಮೇಲೆ ನೀವು ಬಂದು ಸಾಕ್ಷಿ ಹೇಳುವುದಿಲ್ಲ. ಬಿಟ್ಟಿ ಸಲಹೆ ಅಂತ ಅನುಮಾನ ಬಂದರೆ ಬರಲಿ, ನೋಡಿದಮೇಲೆ ಬೇಕಾದರೆ ಅನುಮಾನಪಡಿ.

ಹವಾಲ್ದಾರರು ತೀರಿಕೊಂಡ ಹದಿನೈದು ದಿನಕ್ಕೆ ಅವರ ಹೆಂಡತಿ ನನ್ನ ಮಂಡಿಗೆ ಬಂದರು. ಅವರ ಮನೆಯಲ್ಲಿ ಅಷ್ಟು ಸಲ ಚಹಾ ಕುಡಿದಿದ್ದರೂ ಆಯಮ್ಮನ ಮುಖ ನಾನು ಸರಿಯಾಗಿ ನೋಡಿರಲಿಲ್ಲ. ಲೋಟ ಬಾಗಿಲ ಸಂದಿಯಿಂದ ಬರುತ್ತಿತ್ತು. ಕೈಚೀಲದಿಂದ ಒಂದು ಕಡತ ತೆಗೆದು ಮೇಜಿನ ಮೇಲೆ ಇಟ್ಟರು. ಕುಟುಂಬ ಪಿಂಚಣಿ ಅರ್ಜಿ. ಹವಾಲ್ದಾರರೇ ತಮ್ಮ ಕೈಯಲ್ಲಿ ಪೂರ್ತಿ ತುಂಬಿಟ್ಟಿದ್ದರು. ಸತ್ತ ತಾರೀಕಿನ ಜಾಗ ಮಾತ್ರ ಖಾಲಿ. ಸಾಕ್ಷಿಯ ಜಾಗದಲ್ಲಿ ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದಿತ್ತು.

‘ನನ್ನ ಹೆಸರು ಯಾಕಮ್ಮ? ಊರಲ್ಲಿ ಬೇಕಾದಷ್ಟು ಜನ ಅವರೆ.’

‘ನಾನೂ ಕೇಳಿದೆ ಕಣಪ್ಪ. ಬೇರೆಯೋರು ನನ್ನ ಮೇಲಿನ ಮರ್ಯಾದೆಗೆ ಕಣ್ಮುಚ್ಚಿ ಸಹಿ ಹಾಕ್ತಾರೆ, ಅವನಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಓದ್ತಾನೆ ಅಂದ್ರು.’

ಮೊದಲನೇ ಪುಟದಿಂದ ಓದಿದೆ. ತಪ್ಪು ಒಂದಾದರೂ ಇಟ್ಟಿರುತ್ತಾರೆ ಅಂತ ಎರಡು ಸಲ ಓದಿದೆ. ಸಿಗಲಿಲ್ಲ. ಜೋಡಿ ಫೋಟೋ ತೆಗೆದು ತಿರುಗಿಸಿ ತಾರೀಕು ನೋಡಿದೆ. ಆಯಮ್ಮನ ಮುಖ ನೋಡಿದೆ, ಫೋಟೋ ನೋಡಿದೆ. ಅವರು ಸುಮ್ಮನೆ ಬೆಳಕಿನ ಕಡೆ ಮುಖ ತಿರುಗಿಸಿಕೊಂಡು ಕೂತರು, ಇದು ಹೀಗೇ ಆಗುತ್ತೆ ಅಂತ ಯಾರೋ ಹೇಳಿಕೊಟ್ಟ ಹಾಗೆ.

‘ಮಕ್ಕಳು ಯಾವಾಗ ಹುಟ್ಟಿದ್ದು?’ ಅಂತ ಕೇಳಿದೆ.

ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆಯಿಂದ ಕೇಳಿದೆ. ಅದಕ್ಕೂ ಹೇಳಿದರು. ಮೂರನೆಯದು ಕೇಳಲು ಬಾಯಿ ತೆರೆದೆ, ಅವರೇ, ‘ಮೊದಲನೇದಕ್ಕೆ ಬಾಣಂತನ ಮುಗಿಸಿ ಐದನೇ ತಿಂಗಳಲ್ಲಿ ತೆಗೆಸಿದ ಫೋಟೋ ಅದು. ಮಗು ಸ್ಟುಡಿಯೋದೋನ ತೊಡೆ ಮ್ಯಾಲೆ ಅಳ್ತಾ ಇತ್ತು’ ಅಂದರು.

ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದು ಸಹಿ ಹಾಕಿದೆ.

ಹೊರಡುವಾಗ ಚೀಲದ ತಳದಿಂದ ಒಂದು ಕಾಯಿ ತೆಗೆದಿಟ್ಟರು, ಸಿಪ್ಪೆ ಸುಲಿಯದ್ದು, ಅವರ ಹಿತ್ತಲಿನದು. ನಾನು ಏನೂ ಕೇಳಿರಲಿಲ್ಲ. ದಪ್ಪ ಪೆನ್ನು ತರಿಸಿ ಆಯಮ್ಮನ ಹೆಸರು, ತಾರೀಕು ಬರೆದು ಮಂಡಿಯ ಅಟ್ಟಕ್ಕೆ ಏರಿಸಿದೆ. ಸಾವಿರಾರು ಕಾಯಿ ಇರುವ ಜಾಗ. ಆಳುಗಳು ಎತ್ತಿ ರಾಶಿಗೆ ಹಾಕಿಯಾರು ಅಂತ ಅನುಮಾನ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೊದಲು ಹತ್ತಿ ನೋಡುತ್ತೇನೆ. ಇವತ್ತೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಇನ್ನೂ ನೀರಿನ ಸದ್ದೇ.